ಮಡಚಿ ಹಿಡಿದ ಪತ್ರ

ಜೂನ್ ೧೨, ಗುರುವಾರ

ತರಬೇತಿಯ ಗುತ್ತಿಗೆ ಹಿಡಿದ ಸಂಸ್ಥೆ ಹೇಳಿದಂತೆ ಕಲಿತವರಿಗೆ ಕೆಲಸ ಕೊಡಿಸುತ್ತಿದೆಯೇ ಎಂದು ನೋಡಲೆಂದೇ ಇಲಾಖೆ ನನ್ನನ್ನು ಇಟ್ಟುಕೊಂಡಿದೆ. ಚೆನ್ನಾಗಿ ನೋಡಿದೆ!

ಸಂಜೆ ಮಲ್ಲತ್ತಹಳ್ಳಿಯಲ್ಲಿ ಸೊಪ್ಪು ಕೊಳ್ಳುವಾಗ ಚಂದ್ರಕಲಾ ಸಿಕ್ಕರು. ಆ ಸಂಸ್ಥೆಯಲ್ಲೇ ಹೊಲಿಗೆ ತರಬೇತಿ ಮುಗಿಸಿದವರು. ನಮ್ಮ ಕಡತದ ಪ್ರಕಾರ ಮಾರ್ಚ್‌ನಿಂದ ಗಾರ್ಮೆಂಟ್ಸ್ ಕೆಲಸದಲ್ಲಿದ್ದಾರೆ.

"ಮೇಡಂ, ಆ ಕೆಲಸದ ಲೆಟರ್ ಯಾವಾಗ ಕೊಡ್ತಾರೆ? ಫೋಟೋ ತೆಗೆದ ತಕ್ಷಣ ವಾಪಸ್ ಇಸ್ಕೊಂಡ್ರಲ್ಲ. ಇನ್ನೂ ಮನೇಲೇ ಇದೀನಿ."

"ವಿಚಾರಿಸ್ತೀನಮ್ಮ" ಎಂದೆ. ವಿಚಾರಿಸಲು ಏನಿದೆ? ಇಲಾಖೆಗೆ ತೋರಿಸುವ ಫೋಟೋಗಾಗಿ ಒಂದೇ ನೇಮಕಾತಿ ಪತ್ರ ಅಂದು ಮೂವತ್ತು ಜನರ ಕೈ ದಾಟಿತ್ತು. ಹೆಸರು ಕಾಣದಂತೆ ಮಡಚಿ ಹಿಡಿಯಿರಿ ಎಂದು ಸಂಸ್ಥೆಯವನು ಹೇಳಿದ್ದು ನನ್ನೆದುರೇ. ಊಟಕ್ಕೆ ಹೊತ್ತಾಗಿತ್ತು, ಬೇಗ ಮುಗಿದರೆ ಸಾಕಿತ್ತು ನನಗೆ.

ಆ ಫೋಟೋ ನನ್ನ ಮೊಬೈಲಿನಲ್ಲೇ ಇದೆ. ಎಷ್ಟು ಚೆನ್ನಾಗಿ ನಗುತ್ತಿದ್ದಾರೆ.

"ಸ್ವಲ್ಪ ನಗಿ, ಚಂದ್ರಕಲಾ" ಎಂದವಳು ನಾನೇ.