ಚಿತ್ರದ ಮೇಲೆ ಕೈ

ಜರಗನಹಳ್ಳಿ
೮ ಡಿಸೆಂಬರ್ ೨೦೨೪, ಭಾನುವಾರ

ನನ್ನ ಪುಟ್ಟ ಮೇಷ್ಟ್ರಮ್ಮ ಸುರಭಿಗೆ,

ಅಮ್ಮನ ಆಶೀರ್ವಾದ. ಅಪ್ಪ ಚೆನ್ನಾಗಿದ್ದಾರೆ. ನಾನೂ ಊಟ, ನಿದ್ದೆ ಮಾಡಿಕೊಂಡಿದ್ದೇನೆ. ಹೋದ ವಾರ ಮೂರು ಸಲ ಸಾರಿಗೆ ಉಪ್ಪು ಮರೆತೆನಂತೆ. ಅಪ್ಪ ಹೇಳಿದ ಮೇಲೆ ಗೊತ್ತಾಯಿತು.

ನಿನಗೆ ಕೆಲಸ ಸಿಕ್ಕಿ, ಗುಂಡ್ಲುಪೇಟೆ ಕಡೆಯ ಆ ಶಾಲೆಗೆ ಹೋಗಿ ತಿಂಗಳಾಯಿತು. ಫೋನಿನಲ್ಲಿ ನೀನು, "ಅಮ್ಮಾ, ಇಲ್ಲಿ ಮೂರನೇ ಕ್ಲಾಸಿಗೆ ಬಂದ್ರೂ ಓದಕ್ಕೆ ತಡವರಿಸ್ತಾರೆ. ನಿನ್ ಕ್ಲಾಸಲ್ಲಿ ಎಲ್ಲಾ ಪಟಪಟ ಅಂತ ಓದ್ತಾರಲ್ಲ, ನಿನ್ ಕಥೆಗಳನ್ನ ಬರೆದು ಕಳ್ಸು" ಎಂದೆ. ಆಯ್ತು ಎಂದಿದ್ದೆ. ಈ ಲಕೋಟೆಯಲ್ಲಿ ಕಥೆಗಳಿಲ್ಲ. ಯಾಕೆ ಎಂದು ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಬಾಯಲ್ಲಿ ಹೇಳಹೊರಟರೆ ನಾನು ಇದನ್ನೂ ಕಥೆ ಮಾಡಿ ನಿನ್ನನ್ನು ನಗಿಸಿಬಿಡುತ್ತೇನೆ. ಬರೆದರೆ ಕೈ ನಿಧಾನ.

ನಾನು ಪಾಠ ಮಾಡುವ ರೀತಿ ನಿನಗೆ ಗೊತ್ತಿರುವುದೇ. ಮಾಗಡಿ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನಜ್ಜಿ ರಾಗಿ ಬೀಸುತ್ತಾ ಕಥೆ ಹೇಳುವಾಗ ಸಾಲಿನ ಕೊನೆಯನ್ನು ನಮಗೆ ಬಿಟ್ಟುಕೊಡುತ್ತಿದ್ದಳು. "ನರಿ ಬಂದು ಬಾವಿಯೊಳಗೆ..." ಎಂದು ಕಲ್ಲು ನಿಲ್ಲಿಸಿದರೆ ನಾವು "ಇಣುಕ್ತು" ಎಂದು ಕೂಗಬೇಕು. ನಾನೂ ಹಾಗೆಯೇ. ಪುಸ್ತಕ ತೆರೆಸುವ ಮುಂಚೆ ಪಾಠವನ್ನು ಕೈ ಕಾಲು ಕುಣಿಸಿ ಹೇಳುತ್ತಿದ್ದೆ. ಮಕ್ಕಳು ಸಾಲು ತುಂಬುತ್ತಿದ್ದರು. ನಾಲ್ಕು ದಿನ ಹೀಗೆ ಮಾಡಿ ಐದನೇ ದಿನ ಪುಸ್ತಕ ಕೊಟ್ಟರೆ ಬೆರಳಿಟ್ಟುಕೊಂಡು ಗಡಗಡ ಓದುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ನಾನು ಅದನ್ನು ಓದು ಎಂದೇ ತಿಳಿದಿದ್ದೆ.

ಪ್ರಕೃತಿ ಎಂಬ ಹುಡುಗಿಯ ವಿಷಯ ನಿನಗೆ ಹೇಳಿದ್ದೇನೋ ಇಲ್ಲವೋ. ಮೂರನೇ ತರಗತಿ. ಸಿಂದಗಿ ಕಡೆಯವರು. ತಾಯಿ ಕೆಂಚವ್ವ ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುತ್ತಾಳೆ, ನಮ್ಮ ಹಿಂದಿನ ಬೀದಿಯಲ್ಲಿ ಶೀಟಿನ ಮನೆ. ಒಂದನೇ ತರಗತಿಯಿಂದ ಹುಡುಗಿ ನನ್ನ ಕೈಯಲ್ಲೇ ಇದ್ದಾಳೆ. ಎಲ್ಲರಿಗಿಂತ ಚೆನ್ನಾಗಿ ಓದುವವಳು ಅವಳೇ. ಸ್ಕೂಲ್ ಡೇ ದಿನ ಮೈಕಿನ ಮುಂದೆ ನಿಲ್ಲಿಸಿ ಓದಿಸಿದ್ದೆ. ಕೆಂಚವ್ವ ಅದನ್ನು ಫೋನಿನಲ್ಲಿ ಹಿಡಿದು, ಕೆಲಸ ಮಾಡುವ ಮನೆಮನೆಗೂ ತೋರಿಸಿದಳು. ಒಂದು ಮನೆಯ ಯಜಮಾನಿ ಜಯನಗರದ ಒಂದು ಶಾಲೆಯ ಟ್ರಸ್ಟಿನಲ್ಲಿದ್ದಾರೆ. ಹುಡುಗಿಗೆ ಓದಲು ಬಂದರೆ ನಾಲ್ಕನೇ ತರಗತಿಗೆ ಫೀಸಿಲ್ಲದೆ ತೆಗೆದುಕೊಳ್ಳುತ್ತೇವೆ, ಟೀಚರ್ ಒಂದು ಪತ್ರ ಕೊಡಲಿ ಎಂದರಂತೆ. ಕೊಟ್ಟೆ. "ಈ ಮಗು ಯಾವ ಪುಸ್ತಕವನ್ನಾದರೂ ಸರಾಗವಾಗಿ ಓದುತ್ತದೆ" ಎಂದು ಬರೆದು ಸಹಿ ಹಾಕಿದೆ. ಡಿಸೆಂಬರ್ ನಾಲ್ಕಕ್ಕೆ ಅಲ್ಲಿ ಪರೀಕ್ಷೆ ಇತ್ತು.

ನವೆಂಬರ್ ಇಪ್ಪತ್ತೆಂಟು, ಗುರುವಾರ, ಶಾಲೆಗಳನ್ನು ನೋಡಿಹೋಗುವ ವೆಂಕಟಾಚಲ ಸಾರ್ ಬಂದರು. ಒಳ್ಳೆಯ ಮನುಷ್ಯ, ತಮಾಷೆಯವರು. "ಏನ್ ಮೇಡಂ, ನಿಮ್ ಕ್ಲಾಸಲ್ಲಿ ಎಲ್ರೂ ಕಥೆ ಮಟ್ಟ! ನನ್ನನ್ನೂ ಸೇರಿಸ್ಕೊಳಿ, ನಾನಿನ್ನೂ ವಾಕ್ಯ ಮಟ್ಟದಲ್ಲೇ ಇದೀನಿ" ಎಂದರು. ನಾವು ಮಕ್ಕಳನ್ನು ಅಕ್ಷರ, ಪದ, ವಾಕ್ಯ, ಕಥೆ ಎಂದು ನಾಲ್ಕು ಮಟ್ಟ ಮಾಡಿ ಪಟ್ಟಿಯಲ್ಲಿ ಬರೆಯುತ್ತೇವಲ್ಲ, ಅದು. ಅವರ ಚೀಲದಲ್ಲಿ ಹೊಸದೊಂದು ಕಾರ್ಡಿತ್ತು. ನಾನೂ ನೋಡಿರದ ಕಾರ್ಡು. ಮೇಲೆ ಕೆರೆಯ ಪಕ್ಕ ನಿಂತ ಒಂದು ಆಡಿನ ಚಿತ್ರ, ಕೆಳಗೆ ನಾಲ್ಕು ಸಾಲು. ನಾನು ಹೆಮ್ಮೆಯಿಂದ ಪ್ರಕೃತಿಯನ್ನೇ ಕರೆದೆ.

ಅವಳು ಚಿತ್ರವನ್ನು ನೋಡಿದಳು. ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಒಂದು ಊರಿನಲ್ಲಿ ಒಂದು ಆಡಿತ್ತು. ಅದಕ್ಕೆ ತನ್ನ ಗಡ್ಡದ ಮೇಲೆ ಬಹಳ ಜಂಬ. ಗಡ್ಡ ನೋಡಿಕೊಳ್ಳಲು ಬೇಗೂರಿನ ಕೆರೆಗೆ ಹೋಯಿತು. ನೀರಿನೊಳಗೆ ಇನ್ನೊಂದು ಆಡಿತ್ತು. ಮೊದಲು ನೀನು ಬೋಳಿಸಿಕೋ ಎಂದು ಇದು ಅದಕ್ಕೆ ಹೇಳಿತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ದನಿ ತಗ್ಗಿಸಬೇಕೋ ಅಲ್ಲಿ ತಗ್ಗಿಸಿ ಹೇಳಿದಳು. ಅದು ನನ್ನ ದನಿ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಬೆರಳು ಮಾತ್ರ ನಾಲ್ಕನೇ ಸಾಲಿನ ಕೊನೆ ಮುಟ್ಟಿ ಎಷ್ಟೋ ಹೊತ್ತಾಗಿತ್ತು.

"ಸಖತ್ತಾಗಿದೆ ಕಣಮ್ಮ ಕಥೆ" ಎಂದರು ವೆಂಕಟಾಚಲ ಸಾರ್. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಆದ್ರೆ ಮೇಡಂ, ಇದು ಕಾರ್ಡಲ್ಲಿಲ್ಲ" ಎಂದರು. ಕಾರ್ಡಿನಲ್ಲಿದ್ದದ್ದು ಗಿರಿಜೆ ಎಂಬ ಹುಡುಗಿ ಆಡಿಗೆ ಸೊಪ್ಪು ಹಾಕಿ ಶಾಲೆಗೆ ಹೋದ ಸಂಗತಿ.

ಅವರು ತಮ್ಮ ಅಂಗೈಯನ್ನು ಚಿತ್ರದ ಮೇಲಿಟ್ಟರು. "ಈಗ ಓದು ಪುಟ್ಟಿ." ಪ್ರಕೃತಿಯ ಬೆರಳು ಮೊದಲ ಅಕ್ಷರದ ಮೇಲೆ ನಿಂತಿತು. ಅವಳು ನನ್ನ ಮುಖ ನೋಡಿದಳು. ನಾನು ಸಾಲು ಶುರು ಮಾಡಿಕೊಡುತ್ತೇನೆ ಎಂದು ಕಾಯುತ್ತಿದ್ದಳು.

ಆ ಮಧ್ಯಾಹ್ನ ಹತ್ತೊಂಬತ್ತು ಮಕ್ಕಳನ್ನೂ ಹಾಗೆಯೇ ನೋಡಿದೆವು. ಹದಿಮೂರು ಮಂದಿಗೆ ಚಿತ್ರ ಮುಚ್ಚಿದರೆ ಪುಸ್ತಕವೇ ಮುಚ್ಚಿದಂತೆ. ನನಗೆ ಅಳು ಬರಲಿಲ್ಲ. ನಾಚಿಕೆಯಾಯಿತೇ ಎಂದರೆ ಅದೂ ಗೊತ್ತಿಲ್ಲ. ಬಿಸಿಯೂಟದ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು, ಅದನ್ನೇ ಕೇಳುತ್ತ ಕುಳಿತಿದ್ದೆ. ವೆಂಕಟಾಚಲ ಸಾರ್, "ಬಿಡಿ ಮೇಡಂ, ಪಟ್ಟಿ ಹಾಗೇ ಇರ್ಲಿ. ಮಾರ್ಚ್ ಒಳಗೆ ಸರಿ ಮಾಡ್ಕೊಳಿ" ಎಂದರು. ಬೇಡ ಎಂದು ನಾನೇ ಪಟ್ಟಿ ತೆಗೆದುಕೊಂಡು, ಹದಿಮೂರು ಹೆಸರಿನ ಮುಂದೆ "ಕಥೆ" ಹೊಡೆದುಹಾಕಿ "ಅಕ್ಷರ" ಎಂದು ಬರೆದೆ. ಯಾರದೋ ಪಟ್ಟಿ ತಿದ್ದಿದ ಹಾಗಿತ್ತು.

ಶನಿವಾರ ಕೆಂಚವ್ವನ ಮನೆಗೆ ಹೋದೆ. "ಬರ್ರಿ ಟೀಚರ್, ಕುಂದರ್ರಿ" ಎಂದು ಇದ್ದ ಒಂದು ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ ಹಾಕಿದಳು. ಗೋಡೆಗೆ ಹೊಸ ಶಾಲೆಯ ಯೂನಿಫಾರ್ಮು ನೇತುಹಾಕಿತ್ತು. ಸೀಟು ಸಿಗುವ ಮುಂಚೆಯೇ ಟ್ರಸ್ಟಿನ ಆ ಯಜಮಾನಿ ತಮ್ಮ ಮಗಳ ಹಳೆಯದನ್ನು ಕೊಟ್ಟಿದ್ದರಂತೆ. ನಾನು ಕೆಂಚವ್ವನಿಗೆ ವಿಷಯ ಹೇಳಿದೆ. ಪ್ರಕೃತಿಗೆ ಓದಲು ಬರುತ್ತಿಲ್ಲ, ಈ ಸಲ ಪರೀಕ್ಷೆಗೆ ಕಳಿಸಬೇಡ, ನಾನು ಕೊಟ್ಟ ಪತ್ರವನ್ನು ವಾಪಸು ಕೊಡು ಎಂದೆ. ಅವಳು ಟ್ರಂಕಿನಿಂದ ತೆಗೆದು ಕೊಟ್ಟಳು. ಚಹಾ ಕೊಟ್ಟಳು. ಕುಡಿದೆ. ಬುಧವಾರದ ಪರೀಕ್ಷೆಗೆ ಹುಡುಗಿ ಹೋಗಲಿಲ್ಲ.

ಸೋಮವಾರದಿಂದ ನಾನು ಕಥೆ ಹೇಳುವುದನ್ನು ನಿಲ್ಲಿಸಿದ್ದೇನೆ. ಪಾಠದ ಸಾಲುಗಳನ್ನು ಬೇರೆ ಹಾಳೆಯಲ್ಲಿ ಚಿತ್ರವಿಲ್ಲದೆ ಬರೆದು, ಪದಪದವಾಗಿ ಕತ್ತರಿಸಿ, ಕಲಸಿ ಕೊಡುತ್ತೇನೆ. ಮಕ್ಕಳು ಜೋಡಿಸಿ ಓದಬೇಕು. ಓದಿದ್ದನ್ನು ನೋಡದೆ ಬರೆಯಬೇಕು. ತರಗತಿಯಲ್ಲಿ ಸದ್ದಿಲ್ಲ. ಇಂಚರ ಎಂಬುವಳು ಮಂಗಳವಾರ, "ಮಿಸ್, ನಿಮ್ಗೆ ಗಂಟ್ಲು ನೋವಾ?" ಎಂದು ಕೇಳಿದಳು. ಹೌದು ಎಂದೆ. ಶುಕ್ರವಾರ ಪ್ರಕೃತಿ "ಗಿಡ", "ಮರ", "ನದಿ" ಮೂರನ್ನೂ ತಾನೇ ಕೂಡಿಸಿ ಓದಿದಳು. ಬೆವರಿದ್ದಳು. ಸಂತೋಷವಾಗಬೇಕಿತ್ತು. ಮುಂದಿನ ಚೀಟಿ ಕೊಟ್ಟೆ.

ಮಗಳೇ, ನಿನ್ನ ಮಕ್ಕಳು ತಡವರಿಸುತ್ತಾರೆ ಎಂದೆಯಲ್ಲ, ತಡವರಿಸಲಿ. ತಡವರಿಸುವ ಮಗು ಅಕ್ಷರವನ್ನು ನೋಡುತ್ತಿರುತ್ತದೆ. ನನ್ನ ಮಕ್ಕಳು ಮೂರು ವರ್ಷ ನನ್ನನ್ನೇ ನೋಡುತ್ತಿದ್ದರು. ಕಥೆ ಹೇಳಬೇಡ ಎನ್ನುವುದಿಲ್ಲ, ಹೇಳು. ಯಾವುದನ್ನು ಹೇಳಿದೆಯೋ ಅದನ್ನೇ ಓದಿಸಿ ಖುಷಿಪಡಬೇಡ. ವಾರಕ್ಕೊಮ್ಮೆ ಚಿತ್ರದ ಮೇಲೆ ಕೈಯಿಟ್ಟು ಓದಿಸು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಶಾಲೆಯ ನೀರನ್ನು ಕಾಯಿಸದೆ ಕುಡಿಯಬೇಡ.

ಇಂತಿ, ನಿನ್ನ ಅಮ್ಮ
ಮಂಗಮ್ಮ

ಮರೆತ ಮಾತು: ಕೆಂಚವ್ವನಿಗೆ ವಿಷಯ ಹೇಳಿದೆ ಎಂದು ಮೇಲೆ ಬರೆದೆ. ಏನು ಹೇಳಿದೆ ಎಂದು ಬರೆಯಲಿಲ್ಲ. "ಮೊದ್ಲು ಚೆನ್ನಾಗಿ ಓದ್ತಿದ್ಲು, ಈಗ ಗಮನ ಇಲ್ಲ, ಎಲ್ಲಾ ಮರ್ತಿದಾಳೆ" ಎಂದೆ. ನಾನು ಕಲಿಸಿರಲಿಲ್ಲ ಎನ್ನಲು ಹೋಗಿ ಬಾಯಿಗೆ ಬಂದದ್ದು ಅದು. ಕೆಂಚವ್ವ ಹುಡುಗಿಯ ರಟ್ಟೆ ಹಿಡಿದು ಎಳೆದು, "ಯಾಕ ಮರ್ತಿಯಲೇ? ನಿಂಗ ತಿನ್ನಾಕ ಏನರ ಕಮ್ಮಿ ಮಾಡೀನೇನ?" ಎಂದು ಬೆನ್ನಿಗೆ ಎರಡು ಕೊಟ್ಟಳು. ನಾನು ಚಹಾ ಲೋಟ ಹಿಡಿದುಕೊಂಡು ಕುಳಿತಿದ್ದೆ. ಪ್ರಕೃತಿ ನನ್ನ ಮುಖ ನೋಡಿ, ತಾಯಿಗೆ, "ಮರ್ತೀನವ್ವಾ, ನಂದ ತಪ್ಪು" ಎಂದಳು. ಇವತ್ತು ಕೆಂಚವ್ವನಿಗೆ ಮಧ್ಯಾಹ್ನದ ಮೇಲೆ ಕೆಲಸವಿಲ್ಲ. ಈ ಪತ್ರವನ್ನು ಅಂಚೆ ಡಬ್ಬಕ್ಕೆ ಹಾಕಿ ಅಲ್ಲಿಂದ ನೇರ ಅವರ ಮನೆಗೆ ಹೋಗುತ್ತೇನೆ. ಹುಡುಗಿಯ ಎದುರಿಗೇ ಹೇಳುತ್ತೇನೆ.