ಗೇಟಿನ ಮುಂದೆ ನಿಂತವಳು

ಮನೆಯಿಂದ
೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೆಡ್ ಆಫೀಸಿನಲ್ಲಿ ಇಡೀ ದಿನ ಏಸಿ ಹಾಕಿರುತ್ತಾರೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಕುತ್ತಿಗೆಗೊಂದು ಬಟ್ಟೆ ಸುತ್ತಿಕೋ, ಅಂದ ಕೆಟ್ಟರೆ ಕೆಡಲಿ. ಅಮ್ಮ ಚೆನ್ನಾಗಿದ್ದಾಳೆ. ಕಿವಿ ಇನ್ನಷ್ಟು ಮಂದವಾಗಿದೆ, ಬಾಯಿ ಮಾತ್ರ ಹಾಗೇ ಇದೆ. ನಾನೂ ಇದ್ದೇನೆ.

ಗುಂಗುರಿಯ ವಿಷಯ ನಿನಗೆ ಗೊತ್ತಿರಲೇಬೇಕು. ನನ್ನ ಪಕ್ಕದಲ್ಲೇ ನಿಂತು ಬಿಸ್ಕತ್ತು ಪ್ಯಾಕ್ ಮಾಡುತ್ತಿದ್ದವಳು. ಅವಳ ಕೂದಲು ನೋಡಿ ಆ ಹೆಸರಿಟ್ಟವನೇ ನೀನು. ಕೆಲಸ ಬೇಗ ಸಾಗಲೆಂದು ಸೂಪರ್‌ವೈಸರ್ ಮೆಷಿನ್ನಿನ ಬ್ಲೇಡಿಗೆ ಅಡ್ಡವಿದ್ದ ತಗಡನ್ನು ತೆಗೆಸಿದ್ದ. ಅವಳ ಬಲಗೈ ಬೆರಳುಗಳು ಹೋದವು. ನನ್ನ ಏಪ್ರನ್ನನ್ನೇ ಅವಳ ಕೈಗೆ ಸುತ್ತಿ, ಬಿಗಿಯಾಗಿ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಮಾರನೆಯ ದಿನ ಕಂಪನಿ ನೋಟಿಸು ಅಂಟಿಸಿತು: ಕೆಲಸಗಾರ್ತಿಯ ಅಜಾಗರೂಕತೆ. ಅಷ್ಟರೊಳಗೆ ತಗಡು ಮತ್ತೆ ಅದರ ಜಾಗಕ್ಕೆ ಬಂದಿತ್ತು.

ಹಿಂದೆ ಇಂಥದ್ದೇನಾದರೂ ಆದರೆ ನೀನು ಗೇಟಿನ ಮುಂದೆ ಖಾಲಿ ಡ್ರಮ್ಮಿನ ಮೇಲೆ ಹತ್ತಿ ನಿಲ್ಲುತ್ತಿದ್ದೆ. ನಾವು ಚಪ್ಪಾಳೆ ಹೊಡೆಯುತ್ತಿದ್ದೆವು. ಆಮೇಲೆ ಕಂಪನಿಯವರು ನಿನ್ನನ್ನು ಹೆಡ್ ಆಫೀಸಿಗೆ ಕರೆದು ಕುರ್ಚಿ ಕೊಟ್ಟರು, ನೀನು ಕೂತೆ. ಹೋಗಲಿ, ಅದನ್ನು ಈಗ ಕೆದಕುವುದಿಲ್ಲ. ಕ್ಯಾಂಟೀನಿನಲ್ಲಿ ಸಭೆ ಸೇರಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಿನ್ನ ತಂಗಿ ಅನ್ನುವುದೊಂದೇ ನನ್ನ ಅರ್ಹತೆ. ಎದ್ದು ನಿಂತು ಎಲ್ಲರಿಗೂ ನಮಸ್ಕಾರ ಅಂದೆ. ಅಷ್ಟೇ. ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಆವಿಯಾಯಿತು. ಹಿಂದಿನಿಂದ ಯಾರೋ "ಅಣ್ಣ ಹೋಗೋವಾಗ ಮಾತನ್ನೂ ಮೂಟೆ ಕಟ್ಕೊಂಡು ಹೋದ" ಅಂದರು. ಎಲ್ಲ ನಕ್ಕರು. ಗುಂಗುರಿಯ ಗಂಡ ನಗಲಿಲ್ಲ. ತಲೆ ತಗ್ಗಿಸಿಕೊಂಡು ಹೊರಗೆ ಹೋದ.

ಆ ಸಂಜೆಯೇ ನಿನಗೆ ಫೋನ್ ಮಾಡಿದ್ದು. ಈ ಹೆದರಿಕೆ ಹೇಗೆ ಹೋಗುತ್ತೆ ಅಣ್ಣಾ ಎಂದು ಕೇಳಿದೆ. "ಅದೆಲ್ಲ ಹುಟ್ಟಿನಿಂದ ಬರ್ಬೇಕು ಕಣೇ. ನಿನಗ್ಯಾಕೆ ಇಲ್ಲದ ಉಸಾಬರಿ?" ಅಂದೆ ನೀನು. ನಾನು ನಂಬಿದೆ. ಚಿಕ್ಕಂದಿನಿಂದ ನಂಬಿಕೊಂಡೇ ಬಂದವಳಲ್ಲವೇ? ಮನೆಗೆ ಬಂದವರು ನನ್ನ ಹೆಸರು ಕೇಳಿದರೂ ಉತ್ತರ ನೀನೇ ಹೇಳುತ್ತಿದ್ದೆ.

ಅಮ್ಮನ ಹತ್ತಿರ ಹೇಳಿಕೊಂಡು ಅತ್ತರೆ ಅವಳು ನಕ್ಕುಬಿಟ್ಟಳು. "ಹುಟ್ಟಿನಿಂದಂತೆ! ಮೊದಲನೇ ಸಲ ಭಾಷಣಕ್ಕೆ ಹೋಗೋ ದಿನ ವಾಂತಿ ಮಾಡ್ಕೊಂಡಿದ್ದ. ನೀನಾಗ ಹಾಸ್ಟೆಲಲ್ಲಿದ್ದೆ. ನನ್ನನ್ನ ಈ ಅಡುಗೆಮನೇಲಿ ಕೂರಿಸ್ಕೊಂಡು ಹೇಳಿದ್ದನ್ನೇ ಹೇಳಿ ಹೇಳಿ ತಲೆ ತಿಂದಿದ್ದ" ಅಂದಳು. ಅಣ್ಣಾ, ಅದನ್ನು ನನಗೆ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಮರುದಿನದಿಂದ ಅಮ್ಮ ಹಜಾರದ ಆ ತುದಿಯಲ್ಲಿ, ನಾನು ಒಲೆಯ ಪಕ್ಕದಲ್ಲಿ. "ಕೇಳಿಸ್ತಿಲ್ಲ" ಅನ್ನುತ್ತಿದ್ದಳು. "ಯಾಕಷ್ಟು ಗಡಿಬಿಡಿ, ನಾಯಿ ಅಟ್ಟಿಸ್ಕೊಂಡು ಬರ್ತಿದ್ಯಾ?" ಅನ್ನುತ್ತಿದ್ದಳು. ಬಾಯಿಪಾಠ ಬಿಟ್ಟೆ. ತಗಡು ತೆಗೆಸಿದ್ದು ಯಾರು, ಯಾಕೆ, ಮತ್ತೆ ಹಾಕಿಸಿದ್ದು ಯಾವಾಗ, ಇಷ್ಟನ್ನೇ ತಲೆಯಲ್ಲಿಟ್ಟುಕೊಂಡೆ. ಊಟದ ಬಿಡುವಿನಲ್ಲಿ ಇಬ್ಬರೆದುರು ಹೇಳಿದೆ, ಆಮೇಲೆ ಇಡೀ ಮೇಜಿನವರೆದುರು. ಮಾತು ನಿಲ್ಲಿಸಿ ಉಸಿರು ತೆಗೆದುಕೊಂಡರೆ ಜನ ಕಾಯುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ ನೋಡು.

ಕಳೆದ ವಾರ ಗೇಟಿನ ಮುಂದೆ ಮಾತಾಡಿದೆ. ಗುಂಗುರಿಯ ಗಂಡನ ಮುಖವೊಂದನ್ನೇ ನೋಡುತ್ತ ಶುರುಮಾಡಿದೆ. ನಡುವೆ ಮಾತು ತಪ್ಪಿತು. ನಿಂತೆ, ಮತ್ತೆ ಹೇಳಿದೆ. ಸೂಪರ್‌ವೈಸರ್ ಬಂದು "ಸಾಕಮ್ಮ, ಹೊತ್ತಾಯ್ತು, ಒಳಗೆ ನಡೀರಿ" ಅಂದ. "ಇನ್ನೂ ಮುಗಿದಿಲ್ಲ ಸಾರ್" ಅಂದೆ. ಯಾರೂ ಒಳಗೆ ಹೋಗಲಿಲ್ಲ. ಎಲ್ಲರೆದುರೇ ವಿಚಾರಣೆ ನಡೆಸಲು ಕೊನೆಗೆ ಕಂಪನಿ ಒಪ್ಪಿತು. ಖುಷಿಯಾಯಿತೇ ಅಂತ ಕೇಳಬೇಡ. ಮನೆಗೆ ಬಂದು ಮುಖ ತೊಳೆಯುವಾಗ ಬಂದದ್ದು ಕೋಪ, ನಿನ್ನ ಮೇಲೆ. ಇಷ್ಟು ವರ್ಷ ಈ ದನಿ ನನ್ನೊಳಗೇ ಇತ್ತು. ನೀನು ಅದಕ್ಕೆ ಅಡ್ಡ ನಿಂತಿದ್ದೆ, ನಾನು ಅದನ್ನು ಅಕ್ಕರೆ ಅಂದುಕೊಂಡಿದ್ದೆ.

ಅತ್ತಿಗೆಗೆ ನಮಸ್ಕಾರ ಹೇಳು, ಪಾಪುವಿಗೆ ಮುತ್ತು. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ಔಷಧಿ ತಪ್ಪಿಸಿದರೆ ಕಿವಿ ಹಿಂಡುತ್ತಾಳಂತೆ.

ನಿನ್ನ
ತಂಗಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಮುಂದಿನ ವಾರದ ವಿಚಾರಣೆಗೆ ಕಂಪನಿಯ ಪರವಾಗಿ ಮಾತಾಡಲು ನೀನೇ ಬರುತ್ತೀಯಂತೆ, ನೋಟಿಸ್ ಬೋರ್ಡಿನಲ್ಲಿ ನೋಡಿದೆ. ನಮ್ಮ ಕಡೆಯಿಂದ ಮಾತಾಡುವವಳು ನಾನು. ಅಮ್ಮನಿಗೆ ನೀನು ಬರುತ್ತೀ ಎಂದಷ್ಟೇ ಹೇಳಿದ್ದೇನೆ, ಆಗಲೇ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ. ದಯವಿಟ್ಟು ಮೊದಲು ಮನೆಗೆ ಬರಬೇಡ, ನೇರ ಸಭೆಗೆ ಬಾ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ "ಏನೇ, ಚೆನ್ನಾಗಿದೀಯಾ?" ಅಂದೆಯೋ, ನನ್ನ ಬಾಯಿ ಕಟ್ಟಿಹೋಗುತ್ತದೆ. ಅದೊಂದಕ್ಕೆ ನಾನು ಅಭ್ಯಾಸ ಮಾಡಿಕೊಂಡಿಲ್ಲ.