ಜ್ವರಕ್ಕೆ ಕುಡಿಯುವ ಬಳ್ಳಿ

ಫ್ರೀಮಾಂಟ್
9 ಮಾರ್ಚ್ 2025

ಪ್ರೀತಿಯ ಇಂದು,

ನಿನ್ನ ಮೆಸೇಜುಗಳಿಗೆ ಉತ್ತರ ಕೊಡಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ಆಮೇಲೆ ಕ್ಷಮಿಸು. ಬಲಗೈ ಬೆರಳು ಮುರಿದಿತ್ತು. ಬಿದ್ದು ಮುರಿದದ್ದಲ್ಲ, ಹೊಡೆದು ಮುರಿದದ್ದು. ನಮ್ಮ ಬಾಸ್ ತೇಜಸ್ವಿಯ ದವಡೆಗೆ ಒಂದು ಬಿಟ್ಟೆ. ಇನ್ನೊಂದು ಬಿಡಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಮೈಸೂರಿನ ಲ್ಯಾಬಿನಲ್ಲಿ ನಾವಿಬ್ಬರೂ ಮಾಡುತ್ತಿದ್ದ ಕೆಲಸವೇ ಬರ್ಕ್ಲಿಯ ಈ ಪುಟ್ಟ ಕಂಪನಿಯಲ್ಲೂ. ಅಮೃತಬಳ್ಳಿಯನ್ನು ನೀರಿನಲ್ಲಿ ಕುದಿಸಿ ಕಷಾಯ ಇಳಿಸುವುದು, ಸತುವಿನ ನೈಟ್ರೇಟು ಬೆರೆಸುವುದು, ಫರ್ನೇಸಿಗಿಡುವುದು. ಕಷಾಯವೇ ಉರುವಲಾಗಿ ಉರಿದು, ತಳದಲ್ಲಿ ಸತುವಿನ ಆಕ್ಸೈಡಿನ ನ್ಯಾನೋಪುಡಿ ಉಳಿಯುತ್ತಿತ್ತಲ್ಲ, ಅದೇ. ತೇಜಸ್ವಿಗೆ ಚಿಟಿಕೆ ಪುಡಿ ಸಾಲಲಿಲ್ಲ. ಪಾಲೋ ಆಲ್ಟೋದಿಂದ ಹೂಡಿಕೆದಾರರು ಬರುವವರಿದ್ದರು. ದೊಡ್ಡ ಪಾತ್ರೆ ಬೇಕು, ಬೇಗ ಆಗಬೇಕು. ನೀರಿನ ಬದಲು ಸ್ಪಿರಿಟ್ಟಿನಲ್ಲಿ ಬಳ್ಳಿಯ ಸಾರ ತೆಗೆದ. ಅದರ ಆವಿ ಬಿಸಿ ಫರ್ನೇಸಿನಲ್ಲಿ ಸಿಡಿಯುತ್ತದೆ, ಬೇಡವೇ ಬೇಡ ಎಂದೆ ನಾನು. "ಏನ್ರೀ ರಂಜನಿ, ಗ್ರೀನ್ ಸಿಂಥೆಸಿಸ್ ಇದು. ಮನೇಲಿ ಜ್ವರಕ್ಕೆ ಕುಡಿಯೋ ಬಳ್ಳಿ. ಬಾಂಬು ಅನ್ನೋ ಥರ ಆಡ್ತೀರಲ್ಲ" ಎಂದು ನಕ್ಕ.

ಪಾತ್ರೆ ಒಳಗಿಟ್ಟವನು ರಘು. ಅದೇ ಲ್ಯಾಬಿನಲ್ಲಿರುವ ನನ್ನ ಗಂಡನಿಗೆ ಯಾರಿಗೂ ಇಲ್ಲ ಅನ್ನಲು ಬರುವುದಿಲ್ಲ, ನಿನಗೆ ಗೊತ್ತು. ಕೈ ತೆಗೆಯುವಷ್ಟರಲ್ಲಿ ಫರ್ನೇಸು ಸಿಡಿಯಿತು. ಬಾಗಿಲು ಕಿತ್ತು ಬಂದು ಅವನ ಮುಖಕ್ಕೆ ಬಡಿಯಿತು. ಕೂದಲು ಹೊತ್ತಿಕೊಂಡಿತು. ಆರಿಸಲು ಹೋದರೆ ಕೆನ್ನೆಯ ಚರ್ಮ ನನ್ನ ಅಂಗೈಗೆ ಅಂಟಿ ಬಂತು ಕಣೇ. ಎಡಗಣ್ಣಿನಲ್ಲಿ ಚೂರು ಹೊಕ್ಕು ರಕ್ತ ಸುರಿಯುತ್ತಿತ್ತು. "ಕಣ್ಣು ಇದ್ಯಾ ನೋಡೇ, ಕಣ್ಣು ಇದ್ಯಾ" ಎಂದು ಒಂದೇ ಸಮನೆ ಕೇಳುತ್ತಿದ್ದ. ತೇಜಸ್ವಿ ಆ ಹೊತ್ತಿನಲ್ಲಿ ಸ್ಪಿರಿಟ್ಟಿನ ಕ್ಯಾನನ್ನು ಹಿಂಬಾಗಿಲಿನಿಂದ ಸಾಗಿಸುತ್ತಿದ್ದ. ನಾನು ಹೊಡೆದದ್ದು ಆಗಲೇ.

ಎರಡು ಆಪರೇಷನ್ ಆಯಿತು. ಕಣ್ಣು ಉಳಿಯುತ್ತದೋ ಇಲ್ಲವೋ ಎಂದು ಊಟ ನಿದ್ದೆ ಬಿಟ್ಟು ಒದ್ದಾಡಿದೆ. ಮೊನ್ನೆ ಕಟ್ಟು ಬಿಚ್ಚಿದರು. ಮಸುಕಾಗಿಯಾದರೂ ಕಾಣುತ್ತದಂತೆ. ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಮನಸಾರೆ ಅತ್ತೆ.

ನಿನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ. ನಿಮ್ಮನೆಯವರಿಗೆ ಬಿಪಿ ಮಾತ್ರೆ ತಪ್ಪಿಸಬೇಡಿ ಅಂತ ಹೇಳು. ಎಲ್ಲರೂ ಸುಖವಾಗಿರಿ.

ನಿನ್ನ
ರಂಜನಿ

ತಾ.ಕ.: ನಿನ್ನೆ ಸ್ಫೋಟದ ತನಿಖೆಯವರು ಮನೆಗೆ ಬಂದಿದ್ದರು. ಸ್ಪಿರಿಟ್ ಬಳಸಿದ್ದು ಯಾರೆಂದು ಕೇಳಿದರು. ರಘು ನನ್ನತ್ತ ಬೆರಳು ತೋರಿಸಿದ. ಅವರು ಹೋದ ಮೇಲೆ, "ತೇಜಸ್ವಿ ಹೋದ್ರೆ ಕಂಪನೀನೇ ಇರಲ್ಲ. ಕಂಪನಿ ಕೊಡಿಸಿರೋ ನನ್ನ ವೀಸಾ ಉಳಿದ್ರೆ ತಾನೇ ನೀನೂ ಇಲ್ಲಿ ಇರೋದು" ಎಂದ. ಆಮೇಲೆ, ಕಣ್ಣಿಗೆ ಡ್ರಾಪ್ಸ್ ಹಾಕು ಅಂತ ತಲೆ ಹಿಂದಕ್ಕೆ ವಾಲಿಸಿ ಕೂತ. ಹಾಕಿದೆ.